ಇಕೀಕೆಯಿಂದ ಬಂದಿದ್ದ ಅಕ್ಕಾರು

ಅವರ ಮುಖ ನೋಡುವುದಕ್ಕೆ ಮುಂಚೆಯೇ ಅವರ ಅಡುಗೆಮನೆಯ ಕುಕ್ಕರ್ ಕೂಗಿದ್ದನ್ನು ನಾನು ಕೇಳಿದ್ದೆ.

ಆಗ ನಾನು ಹರಿಹರದ ಒಂದು ಕಾಲೇಜಿನಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ಈಗಲೂ ಅತಿಥಿಯೇ. ವರ್ಷ ವರ್ಷವೂ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ಇನ್ನೊಂದು ಭಾಷೆಯ ಪದವಿ ಕೈಯಲ್ಲಿದ್ದರೆ ಎಲ್ಲಾದರೂ ಖಾಯಂ ಆಗಬಹುದು ಎಂಬ ಆಸೆಯಿಂದ, ದಿಲ್ಲಿಯ ವಿಶ್ವವಿದ್ಯಾಲಯವೊಂದರ, ಮನೆಯಲ್ಲೇ ಕೂತು ಓದಬಹುದಾದ ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿಯ ಪದವಿಗೆ ಸೇರಿದ್ದೆ. ಶನಿವಾರ, ಭಾನುವಾರ ಬೆಳಿಗ್ಗೆ ಫೋನಿನಲ್ಲೇ ತರಗತಿ. ದೇಶದ ಮೂಲೆಮೂಲೆಯ ಹದಿನೆಂಟು ಮುಖಗಳು ಹದಿನೆಂಟು ಚೌಕಗಳಲ್ಲಿ. ಅದರಲ್ಲಿ ಒಂದು ಚೌಕ ಮಾತ್ರ ಸದಾ ಕಪ್ಪು.

ಎರಡನೆಯ ವಾರವಿರಬೇಕು. ಪ್ರೊಫೆಸರು ಕ್ರಿಯಾಪದಗಳನ್ನು ಹೇಳಿಕೊಡುತ್ತಿದ್ದಾಗ ಆ ಕಪ್ಪು ಚೌಕದಿಂದ ಕುಕ್ಕರ್ ಕೂಗಿತು. ಹಿಂದೆಯೇ ಒಂದು ಹೆಣ್ಣು ದನಿ: "ಏ ಗಿರಿಜಾ, ಮೂರು ಆತು ನೋಡು, ಆಫ್ ಮಾಡವ್ವ! ಬ್ಯಾಳಿ ಕರಗಿ ಹೋಗ್ತೈತೆ!"

ಪ್ರೊಫೆಸರು ಮೈಕ್ ಮುಚ್ಚಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡರು. ಉಳಿದ ಹದಿನಾರು ಮಂದಿಗೆ ಅದು ಯಾವುದೋ ಗದ್ದಲ. ನನಗೆ ಅದು ನಮ್ಮ ಊರ ಕಡೆಯ ಮಾತು. ಖಾಸಗಿ ಸಂದೇಶದಲ್ಲಿ ನನ್ನ ನಂಬರ್ ಹಾಕಿ, "ನೀವು ದಾವಣಗೆರೆಯವರಾ?" ಎಂದು ಕೇಳಿದೆ. ತರಗತಿ ಮುಗಿದ ಕೂಡಲೇ ಫೋನ್ ಬಂತು.

"ನೀವೇನಾ ಮೆಸೇಜ್ ಹಾಕ್ದೋರು? ನಂಗೆ ಟೈಪ್ ಮಾಡಾಕೆ ಬರಂಗಿಲ್ಲ, ಅದ್ಕೇ ಫೋನ್ ಹಚ್ಚಿದೆ. ಎಲ್ಲಿರ್ತೀರಿ?"

"ಹರಿಹರದಾಗೆ ಇರ್ತೀನ್ರಿ. ನಮ್ಮೂರು ನಂದಿಗುಡಿ."

"ಅಯ್ಯ, ಇಲ್ಲೇ ಇದ್ಕಂಡು ದಿಲ್ಲಿಗೆಲ್ಲ ಸುತ್ತಾಕಿ ಮಾತಾಡ್ತೀವಲ್ಲವ್ವ! ನಾನು ಎಸ್.ಎಸ್. ಬಡಾವಣೆ. ಮಧ್ಯಾಹ್ನ ಬರ್ರಿ, ಊಟ ಇಲ್ಲೇ ಮಾಡೀರಂತೆ."

ಅವತ್ತೇ ಬಸ್ಸು ಹತ್ತಿದೆ.

ಬಾಗಿಲು ತೆರೆದವರು ಐವತ್ನಾಲ್ಕು ವರ್ಷದ, ಎತ್ತರದ, ಬಾಬ್ ಕತ್ತರಿಸಿದ ನರೆಗೂದಲಿನ ಹೆಂಗಸು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಾಲಲ್ಲಿ ಗಂಡಸರು ಹಾಕುವಂಥ ಕಪ್ಪು ಶೂ. ಮನೆಯೊಳಗೇ ಶೂ ಹಾಕಿಕೊಂಡಿದ್ದರು. ಯಾಕೆಂದು ತುಂಬ ದಿನ ಆದಮೇಲೆ ಕೇಳಿದೆ. "ನಾನಿದ್ದ ಊರಾಗೆ ಯಾವಾಗ ಭೂಮಿ ಅಲ್ಲಾಡ್ತೈತೋ ಗೊತ್ತಾಗಂಗಿಲ್ಲ. ಗಾಜಿನ ಮ್ಯಾಲೆ ಓಡಬೇಕಾಗ್ತೈತೆ. ಅಭ್ಯಾಸ ಹೋಗ್ಲಿಲ್ಲ," ಎಂದರು.

ನಾನಿದ್ದ ಊರು. ಆ ಮಾತನ್ನು ಅವರು ಹೇಳುತ್ತಿದ್ದ ರೀತಿಯೇ ಬೇರೆ. ನಾವು ತವರುಮನೆ ಅನ್ನುತ್ತೇವಲ್ಲ, ಹಾಗೆ. ಊರು ಇಕೀಕೆ. ಚಿಲಿ ದೇಶದ ಉತ್ತರದ ತುದಿಯಲ್ಲಿ, ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ಸಮುದ್ರ, ನಡುವೆ ಸೀರೆಯ ಅಂಚಿನಷ್ಟು ಅಗಲದ ಬಂದರು. ದಾವಣಗೆರೆಯ ಬಟ್ಟೆ ವ್ಯಾಪಾರಿಗಳ ಮನೆಯ ಹಿರಿಯ ಮಗ ಇವರ ಗಂಡ. ಅಂಗಡಿಯಲ್ಲಿ ಅಣ್ಣತಮ್ಮಂದಿರು ಜಾಸ್ತಿ, ಜಾಗ ಕಡಿಮೆ. ಸಿಂಧಿ ವ್ಯಾಪಾರಿಯೊಬ್ಬರು ಆ ಬಂದರಿನಲ್ಲಿ ಬಟ್ಟೆಯ ಗೋಡೌನು ಇಟ್ಟಿದ್ದರು; ನಂಬಿಕಸ್ಥ ಮನುಷ್ಯ ಬೇಕಾಗಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಇಬ್ಬರೂ ಹೋದರು. ಇವರಿಗೆ ಇಪ್ಪತ್ತೆರಡು. ಇಪ್ಪತ್ತನಾಲ್ಕು ವರ್ಷ ಅಲ್ಲೇ ಇದ್ದರು. ಮಕ್ಕಳಾಗಲಿಲ್ಲ. ಗಂಡ ಗೋಡೌನಿನಲ್ಲಿ ಬಟ್ಟೆಯ ಬೇಲುಗಳ ನಡುವೆ ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ. ಆರು ತಿಂಗಳಿಗೆ ಮೈದುನ ಫೋನಿನ ಮೇಲೆ ಫೋನು ಮಾಡಿ, "ಒಬ್ಬಾಕಿ ಅಲ್ಲೇನ್ ಮಾಡ್ತೀಯ ಅತ್ತಿಗೆ, ಮನಿಗೆ ಬಾ" ಎಂದು ಕರೆಸಿಕೊಂಡರು.

ಮೈದುನ ಒಳ್ಳೆಯವರು. ಅವರ ಹೆಂಡತಿ ಗಿರಿಜಮ್ಮ ಕೂಡ. ಮಹಡಿಯ ಮೇಲಿನ ರೂಮು ಇವರದು. ಊಟ, ಉಪಚಾರ, ಹಬ್ಬಕ್ಕೆ ಸೀರೆ, ಯಾವುದಕ್ಕೂ ಕಡಿಮೆ ಇಲ್ಲ. ಒಂದೇ ಕೊರತೆ: ಆ ಇಪ್ಪತ್ತನಾಲ್ಕು ವರ್ಷವನ್ನು ಯಾರೂ ಕೇಳಲಿಲ್ಲ. ಬಂದ ನೆಂಟರಿಗೆ, "ಫಾರಿನ್ನಾಗೆ ಇದ್ರು" ಎಂದು ಹೇಳಿ ಮುಗಿಸುತ್ತಿದ್ದರು. ಬೀದಿಯ ಹೆಂಗಸರಿಗೆ ಫಾರಿನ್ ಎಂದರೆ ದುಬೈ. ಹಾಗಾಗಿ ಇವರು ದುಬೈ ಅಮ್ಮ. ಮೊದಮೊದಲು ತಿದ್ದುತ್ತಿದ್ದರಂತೆ. ಆಮೇಲೆ, "ದುಬೈನಾಗೆ ಬಿಸ್ಲು ಜಾಸ್ತಿ ಅಲ್ಲೇನ್ರಿ?" ಎಂದು ಯಾರಾದರೂ ಕೇಳಿದರೆ, "ಹೂನ್ರಿ, ಜಾಸ್ತಿ" ಎಂದು ಸುಮ್ಮನಾಗುತ್ತಿದ್ದರು.

"ಇಪ್ಪತ್ನಾಕು ವರ್ಷ ಮಾತಾಡಿದ ಭಾಷೆ ಐತಲ್ಲ ನಿಮಗೆ, ಮತ್ತೆ ಪದವಿ ಯಾಕ್ರೀ ಅಕ್ಕಾರೆ?" ಎಂದು ಮೊದಲ ದಿನವೇ ಕೇಳಿದೆ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು.

"ನಾನು ಅಲ್ಲಿದ್ದೆ ಅನ್ನಾಕೆ ಒಂದು ಕಾಗದ ಬೇಕವ್ವ. ಒಮ್ಮೊಮ್ಮೆ ನಂಗೇ ಅನುಮಾನ ಬರ್ತೈತೆ, ಇದ್ನೋ ಇಲ್ಲೋ ಅಂತ."

ಊಟವಾದ ಮೇಲೆ ಒಂದು ಹಳೆಯ ನೋಟುಬುಕ್ಕು ತೋರಿಸಿದರು. ಇಕೀಕೆಯಲ್ಲಿ ಬರೆದಿಟ್ಟುಕೊಂಡದ್ದು: ಸಂತೆಯ ಪಟ್ಟಿ, ಅಡುಗೆಯ ಕ್ರಮ, ಬಸ್ಸಿನ ದಾರಿ, ಪಕ್ಕದ ಮನೆಯವಳು ಹೇಳಿದ ಗಾದೆ. ಓದುತ್ತ ಹೋದಂತೆ ನನಗೆ ತಲೆ ತಿರುಗಿತು. ಅಕ್ಷರಗಳೆಲ್ಲ ಕನ್ನಡ, ಮಾತೆಲ್ಲ ಸ್ಪ್ಯಾನಿಷ್. ಅವರು ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿದವರು; ಇಂಗ್ಲಿಷ್ ಅಕ್ಷರ ಗೊತ್ತಿದ್ದರೂ ಕೈಗೆ ರೂಢಿ ಇರಲಿಲ್ಲ. ಆ ಭಾಷೆಯನ್ನು ಮೀನು ಮಾರುವವರಿಂದ, ತರಕಾರಿಯವರಿಂದ, ಪಕ್ಕದ ಮನೆಯ ಎಲ್ಬಾ ಎಂಬಾಕೆಯಿಂದ ಕಿವಿಯಲ್ಲಿ ಕಲಿತವರು. ಕಿವಿಗೆ ಬಿದ್ದದ್ದನ್ನು ತಮ್ಮ ಕೈಗೆ ಒಗ್ಗಿದ ಅಕ್ಷರದಲ್ಲಿ ಬರೆದರು. ಮೊದಲ ಹೋಂವರ್ಕನ್ನೂ ಹಾಗೇ ಬರೆದು ಫೋಟೋ ಕಳಿಸಿದ್ದರಿಂದ ಪ್ರೊಫೆಸರು, ಇದು ಯಾವ ಲಿಪಿ ಎಂದು ವಿಚಾರಿಸಿದ್ದರು.

ನನ್ನದು ಇದಕ್ಕೆ ತದ್ವಿರುದ್ಧ ಕಥೆ. ವ್ಯಾಕರಣವೆಲ್ಲ ಬಾಯಿಪಾಠ, ಬಾಯಿ ಬಿಟ್ಟರೆ ಒಂದು ವಾಕ್ಯ ಹೊರಡುವುದಿಲ್ಲ. ವರ್ಷದ ಕೊನೆಗೆ ಪರೀಕ್ಷೆ ಬರೆಯಲು ಇಬ್ಬರೂ ಬೆಂಗಳೂರಿಗೆ ಹೋದೆವು. ಬೆಳಗಿನ ರೈಲಿಗೆ ನಾನು ಹರಿಹರದಲ್ಲಿ ಹತ್ತಿ ಕಿಟಕಿ ಪಕ್ಕ ಅವರಿಗೊಂದು ಸೀಟು ಹಿಡಿದಿದ್ದೆ. ದಾವಣಗೆರೆಯಲ್ಲಿ ಅವರು ಬುತ್ತಿಯ ಸಮೇತ ಹತ್ತಿದರು. ಫಲಿತಾಂಶ ಬಂದಾಗ ಬರವಣಿಗೆಯಲ್ಲಿ ಅವರು ನಪಾಸು, ಮಾತಿನಲ್ಲಿ ನಾನು ನಪಾಸು. ಅವರು ಸ್ಪ್ಯಾನಿಷಿನಲ್ಲಿ "ನಮಸ್ಕಾರ" ಎಂದು ಬರೆಯಬೇಕಾದಲ್ಲೆಲ್ಲ, ಬಾಯಲ್ಲಿ ಹೇಳದ ಮೊದಲ ಅಕ್ಷರವನ್ನು ಬಿಟ್ಟು, ಸಮುದ್ರದ "ಅಲೆ" ಎಂದು ಬರೆದಿದ್ದರು. ಕೇಳುವುದಕ್ಕೆ ಎರಡೂ ಒಂದೇ ಥರ, "ಓಲ". ಇಡೀ ಪತ್ರದ ತುಂಬ, ಅಲೆ ಗೆಳತಿ, ಅಲೆ ಅಪ್ಪಾಜಿ, ಅಲೆ ಅಧ್ಯಕ್ಷರೇ.

ಫೋನಿನಲ್ಲಿ ಇಬ್ಬರೂ ನಗುತ್ತ ನಗುತ್ತ ಕೊನೆಗೆ ಅವರು ಹೇಳಿದರು: "ನಿಂಗೆ ಕಣ್ಣು ಐತೆ, ನಂಗೆ ಬಾಯಿ ಐತೆ. ಕೂಡಿ ಪಾಸಾಗಣ."

ಅಲ್ಲಿಂದ ಎರಡು ವರ್ಷ, ಭಾನುವಾರದ ಮಧ್ಯಾಹ್ನಗಳೆಲ್ಲ ಆ ಮಹಡಿಯ ರೂಮಿನಲ್ಲಿ ಕಳೆದವು. ಮೊದಲ ಒಂದು ತಾಸು ನಾನು ಮೇಷ್ಟ್ರು. ಅವರು ಕನ್ನಡ ಲಿಪಿಯಲ್ಲಿ ಬರೆದದ್ದನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವುದು. ಐವತ್ತು ದಾಟಿದ ಕೈ ಒಂದೊಂದೇ ಅಕ್ಷರವನ್ನು ಹಪ್ಪಳ ಒತ್ತಿದಂತೆ ಒತ್ತಿ ಬರೆಯುತ್ತಿತ್ತು. ಎರಡನೆಯ ತಾಸು ಅವರು ಮೇಷ್ಟ್ರು. ಆಗ ಕನ್ನಡ ಮಾತಾಡುವ ಹಾಗಿಲ್ಲ. ನಾನು ತಡವರಿಸಿದರೆ ಕಾಯುತ್ತಿರಲಿಲ್ಲ. "ಅಲ್ ತಿರೊ, ಅಲ್ ತಿರೊ" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಲಗೂನ, ಲಗೂನ ಅಂತ. ಸಂಜೆ ಐದಕ್ಕೆ ಚಹಾ, ಬ್ರೆಡ್ಡು. ಆ ಊರಲ್ಲಿ ಸಂಜೆಯ ಚಹಾಕ್ಕೆ "ಹನ್ನೊಂದು" ಎಂದು ಹೆಸರಂತೆ, ಯಾಕೆಂದು ಅಲ್ಲಿಯವರಿಗೂ ಖಚಿತವಾಗಿ ಗೊತ್ತಿಲ್ಲ. "ಬಾ, ಹನ್ನೊಂದು ಕುಡಿಯಣ" ಎನ್ನುತ್ತಿದ್ದರು. ಬ್ರೆಡ್ಡಿನ ಜೊತೆ ಒಂದು ಬಟ್ಟಲು ಮಂಡಕ್ಕಿ, ಮೆಣಸಿನಕಾಯಿ. ಅದೊಂದು ಮಾತ್ರ ದಾವಣಗೆರೆಯದು.

ಪ್ರೊಫೆಸರು ಸ್ಪೇನಿನಲ್ಲಿ ಓದಿ ಬಂದವರು. ಇವರ ಮಾತು ಅವರಿಗೆ ಕಿವಿಯಲ್ಲಿ ಕಲ್ಲು ಹಾಕಿದಂತೆ ಆಗುತ್ತಿತ್ತೋ ಏನೋ. ಕೊನೆಯ ಅಕ್ಷರ ನುಂಗುತ್ತೀರಿ, ಇದು ಬೀದಿಯ ಉಚ್ಚಾರ ಎಂದು ತರಗತಿಯಲ್ಲೇ ತಿದ್ದುತ್ತಿದ್ದರು. ಇವರು ತಕರಾರು ಮಾಡುತ್ತಿರಲಿಲ್ಲ. "ನಾನು ಕಲ್ತಿದ್ದು ಬೀದ್ಯಾಗೇ ಅಲ್ಲೇನವ್ವ," ಎಂದು ನನಗೆ ಹೇಳಿದರು. "ದಾವಣಗೆರಿ ಮಂದಿ ಮಾತಿನ ಕೊನಿ ನುಂಗ್ತಾರೆ, ಅವ್ರೂ ನುಂಗ್ತಾರೆ. ನಂಗೆ ಹೊಂದಿಕಂತು ನೋಡು."

ಒಂದೇ ಒಂದು ಸಲ ಅವರು ಪ್ರೊಫೆಸರನ್ನು ಪ್ರಶ್ನೆ ಕೇಳಿದ್ದು ನೆನಪಿದೆ. ಆ ಭಾಷೆಯಲ್ಲಿ "ಇರು" ಎಂಬುದಕ್ಕೆ ಎರಡು ಕ್ರಿಯಾಪದ. ಬದಲಾಗದೆ ಉಳಿಯುವುದಕ್ಕೆ ಒಂದು. ಸದ್ಯದ ಸ್ಥಿತಿಗೆ, ಎಲ್ಲಿದೆ ಎಂದು ಹೇಳುವುದಕ್ಕೆ ಇನ್ನೊಂದು. ಪಾಠ ಮುಗಿದಾಗ ಕಪ್ಪು ಚೌಕ ಬೆಳಗಿತು. ತರಗತಿಗೆ ಮೊದಲ ಸಲ ಅವರ ಮುಖ ಕಂಡಿತು. ಸತ್ತವರ ಬಗ್ಗೆ ಹೇಳುವಾಗ ಯಾಕೆ ಎರಡನೆಯದನ್ನು ಬಳಸುತ್ತಾರೆ, ಸಾವು ಸದ್ಯದ ಸ್ಥಿತಿಯೇ ಎಂದು ಕೇಳಿದರು. ಅದೊಂದು ಅಪವಾದ, ಹಾಗೇ ನೆನಪಿಟ್ಟುಕೊಳ್ಳಿ ಎಂದರು ಪ್ರೊಫೆಸರು. ಅವತ್ತು ಮಧ್ಯಾಹ್ನ ನಾನು ಹೋದಾಗ ಅವರು "ಸತ್ತಿದ್ದಾರೆ" ಎಂಬ ಆ ವಾಕ್ಯವನ್ನು ಹಾಳೆಯ ತುಂಬ ಬರೆದಿದ್ದರು. "ಅಪವಾದ ಅಲ್ಲವ್ವ ಅದು. ಸತ್ತೋರು ಎಲ್ಲೋ ಒಂದು ಕಡೆ ಅದಾರೆ ಅಂತ ಅದ್ರ ಅರ್ಥ," ಎಂದರು.

ಅವರ ಗಂಡ ಎಲ್ಲಿದ್ದಾರೆ ಎಂದು ನನಗೆ ತಿಳಿದದ್ದು ಹರಿಹರದಲ್ಲಿ. ಶ್ರಾವಣದ ಒಂದು ಸೋಮವಾರ ಅಕ್ಕಾರೇ ಬಂದಿದ್ದರು. ಗುಡಿಗೆ ಹೋಗಿ ಬಂದು ಹೊಳೆಯ ಮೆಟ್ಟಿಲ ಮೇಲೆ ಕೂತೆವು. ತುಂಗಭದ್ರೆ ತುಂಬಿ ಕೆಂಪಗೆ ಹರಿಯುತ್ತಿದ್ದಳು.

"ಸಿಂಧಿ ಸಾವ್ಕಾರ್ರು ಸುಡಣ ಅಂದ್ರು," ಎಂದು ಶುರುಮಾಡಿದರು. "ನಮ್ಮಾಗೆ ಸುಡಂಗಿಲ್ರಿ, ಮಣ್ಣು ಮಾಡ್ತಾರೆ ಅಂದೆ. ಆ ಊರಾಗೆ ಗೋಡ್ಯಾಗೆ ಗೂಡು ಮಾಡಿ ಇಡ್ತಾರವ್ವ, ಒಂದರ ಮ್ಯಾಲೊಂದು, ಪಾರಿವಾಳದ ಗೂಡು ಇದ್ದಂಗೆ. ಅದು ಆಗಂಗಿಲ್ಲ, ಮಣ್ಣೇ ಬೇಕು ಅಂತ ನಾನು ಹಟ ಹಿಡಿದೆ. ಎಲ್ಬಾ ಇದ್ಲಲ್ಲ, ಸ್ಮಶಾನದ ಆಫೀಸಿನಾಗೆ ಮೇಜು ಕುಟ್ಟಿ ಜಗಳಾಡಿ ಜಾಗ ಕೊಡಿಸಿದ್ಲು. ನಮ್ಮ ಪದ್ಧತಿಯಂಗೆ ಕೂಡ್ಸಾಕೆ ಬಿಡ್ಲಿಲ್ಲ, ಮಲಗ್ಸಿದ್ರು. ಮಂತ್ರ ಹೇಳಾಕೆ ಅಯ್ಯನೋರು ಎಲ್ಲಿಂದ ಬರ್ಬೇಕು? ನಾನೇ ವಿಭೂತಿ ಹಚ್ಚಿದೆ. ನಾನೇ ಎಡಗೈಯಾಗೆ ಲಿಂಗ ಇಟ್ಟೆ. ಎಲ್ಬಾ ನನ್ನ ತೋಳು ಹಿಡ್ಕಂಡು ನಿಂತಿದ್ಲು. ಹೆಣ್ಮಗಳು ಲಿಂಗ ಇಡಬೌದೇನು ಅಂತ ಇವತ್ತಿಗೂ ಯಾರನ್ನೂ ಕೇಳಿಲ್ಲ ನಾನು."

ಅವರು ಹೊಳೆ ನೋಡುತ್ತ ಇದ್ದರು.

"ಆ ಮಣ್ಣಾಗೆ ಒಂದು ಹುಲ್ಲುಕಡ್ಡಿ ಹುಟ್ಟಂಗಿಲ್ಲ. ಮಳೀನೇ ಇಲ್ಲ. ಹೂವು ಇಟ್ರೆ ಅಲ್ಲೇ ಒಣಗಿ ನಿಲ್ತಾವೆ. ಅದಕ್ಕೆ ಎಲ್ಬಾ ಕಾಗದದ ಹೂವು ಇಟ್ಟು ಬರ್ತಾಳೆ, ತಿಂಗಳಿಗೊಂದು ಸಲ. ಇಷ್ಟು ನೀರು ನೋಡಿದ್ರೆ ಒಂದು ಕೊಡ ಅಲ್ಲಿಗೆ ಒಯ್ದು ಹಾಕ್ಬೇಕು ಅನ್ನಿಸ್ತೈತೆ."

ಎಲ್ಬಾ ಅವರಿಗಿಂತ ಹದಿನೈದು ವರ್ಷ ದೊಡ್ಡವಳು. ಆಕೆಯ ಧ್ವನಿ ನನಗೆ ಚೆನ್ನಾಗಿ ಗೊತ್ತು. ಸಂತೆಯಲ್ಲಿ ಕೂಗಿ ಕೂಗಿ ಒಡೆದ ಗಂಟಲು. ತಿಂಗಳಿಗೊಮ್ಮೆ ಫೋನಿನಲ್ಲಿ ಧ್ವನಿ ಮುದ್ರಿಸಿ ಕಳಿಸುತ್ತಿದ್ದಳು: ಹೋಗಿ ಬಂದೆ, ಕಲ್ಲು ಒರೆಸಿದೆ, ನೀಲಿ ಹೂ ಇಟ್ಟೆ, ನಿನ್ನ ಗಂಡ ಆರಾಮಾಗಿದ್ದಾನೆ. ಅಕ್ಕಾರು ಅದನ್ನು ನನಗೆ ನಾಲ್ಕು ನಾಲ್ಕು ಸಲ ಕೇಳಿಸಿ, ಏನು ಹೇಳಿದಳು ಹೇಳು ಎಂದು ಪರೀಕ್ಷೆ ಮಾಡುತ್ತಿದ್ದರು. ಒಂದು ಸಲ ನಾನು ಹೋದಾಗ ಎಸ್.ಎಸ್. ಬಡಾವಣೆಯಲ್ಲಿ ಜೋರು ಮಳೆ. ಅವರು ಟೆರೇಸಿನಲ್ಲಿ ನೆನೆಯುತ್ತ ಫೋನನ್ನು ಎತ್ತಿ ಹಿಡಿದು ನಿಂತಿದ್ದರು. ಆ ಕಡೆ ಎಲ್ಬಾ. ಎಪ್ಪತ್ತರ ಮುದುಕಿ ಜನ್ಮದಲ್ಲಿ ಇಂಥ ಮಳೆ ನೋಡಿದವಳಲ್ಲ. ತಗಡಿನ ಮೇಲೆ ಮಳೆ ಬೀಳುವ ಸದ್ದು ಕೇಳಿಸು ಎಂದು ಹಟ ಹಿಡಿದಿದ್ದಳಂತೆ. ಕೆಳಗೆ ರಸ್ತೆಯಲ್ಲಿ ಛತ್ರಿ ಹಿಡಿದು ಹೋಗುತ್ತಿದ್ದವರು ತಲೆ ಎತ್ತಿ ನೋಡಿ, ಮುಂದೆ ಹೋದರು. ಗಿರಿಜಮ್ಮ ಟವೆಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಹುಚ್ಚು ಹಿಡೀತೇನು ಅಕ್ಕ ನಿಂಗೆ?" ಎಂದರೇ ಹೊರತು ಯಾರ ಜೊತೆ ಮಾತು ಎಂದು ಕೇಳಲಿಲ್ಲ.

ನನ್ನ ಬಾಯಿ ಬಿಚ್ಚಿತು. ಎರಡನೆಯ ವರ್ಷ ಮಾತಿನಲ್ಲಿ ಪಾಸಾದೆ. ಪರೀಕ್ಷಕರು ನಕ್ಕು, ನೀವು ಈ ಭಾಷೆಯನ್ನು ಯಾವ ಮೀನು ಮಾರುಕಟ್ಟೆಯಲ್ಲಿ ಕಲಿತಿರಿ ಎಂದು ಕೇಳಿದ್ದರು. ಅದನ್ನು ಹೇಳಿದಾಗ ಅಕ್ಕಾರಿಗೆ ಆದ ಸಂತೋಷ ಅವರ ಸ್ವಂತ ಪಾಸಿಗೂ ಆಗಲಿಲ್ಲ. ಅವರೂ ಹಳೆಯ ಬರವಣಿಗೆಯ ಪರೀಕ್ಷೆ ಕಟ್ಟಿ ಕಟ್ಟಿ ಗೆದ್ದರು. ಕೊನೆಯ ವರ್ಷದ ಪರೀಕ್ಷೆಗಳಷ್ಟೇ ಉಳಿದಿದ್ದವು. ಹಣೆ ಗಂಟಿಕ್ಕಿಕೊಂಡು ಫೋನಿನಲ್ಲಿ ಟೈಪ್ ಮಾಡಲೂ ಕಲಿತಿದ್ದರು.

ಅಷ್ಟರಲ್ಲಿ ಎಲ್ಬಾಳ ಧ್ವನಿ ಬಂತು. ಈ ಸಲ ಅದನ್ನು ಪರೀಕ್ಷೆಗಾಗಿ ಕೇಳಿಸಲಿಲ್ಲ. ತಾವೊಬ್ಬರೇ ಕೇಳಿ, ನನಗೆ ಬಾಯಲ್ಲಿ ಹೇಳಿದರು. ಎಲ್ಬಾಳ ಮೊಣಕಾಲು ಹೋಗಿದೆ. ಸ್ಮಶಾನದ ಏರು ಹತ್ತಲು ಆಗುತ್ತಿಲ್ಲ. ಮೂರು ತಿಂಗಳಿಂದ ಯಾರೂ ಹೋಗಿಲ್ಲ. ಹೋದೆ ಎಂದು ಇಷ್ಟು ದಿನ ಸುಳ್ಳು ಹೇಳಿದೆ, ಕ್ಷಮಿಸು ಎಂದು ಅತ್ತಿದ್ದಳು.

ಮುಂದಿನ ಭಾನುವಾರ ನಾನು ಹೋದಾಗ ಅವರು ಚಿಲಿಯ ವೀಸಾದ ಅರ್ಜಿ ತುಂಬುತ್ತಿದ್ದರು. ನಾನು ನೋಡಿಕೊಡಲೇ ಎಂದರೆ ಬೇಡವೆಂದರು. ಹೆಸರು, ಹುಟ್ಟಿದ ಊರು, ಬರುವ ಕಾರಣ, ಎಲ್ಲವನ್ನೂ ಆ ಭಾಷೆಯಲ್ಲೇ ಒಂದೊಂದಾಗಿ ಒತ್ತಿದರು. ಮುಗಿದ ಮೇಲೆ ನನಗೆ ತೋರಿಸಿದರು. ಒಂದು ತಪ್ಪಿರಲಿಲ್ಲ.

ಮನೆಯಲ್ಲಿ ಗದ್ದಲವಾಯಿತು. ಅವತ್ತು ನಾನೂ ಅಲ್ಲಿದ್ದೆ. ಮೈದುನ ಅಂಗಡಿ ಬಿಟ್ಟು ಬಂದಿದ್ದರು.

"ಈ ವಯಸ್ಸಿನಾಗೆ ಒಬ್ಬಾಕಿ ಹೋಗ್ತೀಯಾ ಅತ್ತಿಗೆ? ಏನ್ ಕಡಿಮಿ ಮಾಡಿದ್ವಿ ನಾವು? ಅತ್ತಿಗೀನ ಹೊರಗೆ ಹಾಕಿದ್ರು ಅಂತ ಊರ ಮಂದಿ ಆಡ್ಕಂತಾರೆ."

"ನೀವು ಏನೂ ಕಡಿಮಿ ಮಾಡಿಲ್ಲಪ್ಪ. ಎಂಟು ದಿನಕ್ಕೆ ಬಂದೋರನ್ನ ನೋಡ್ಕಂಡಂಗೆ ಹನ್ನೊಂದು ವರ್ಷ ನೋಡ್ಕಂಡೀರಿ."

ಅದು ಕೃತಜ್ಞತೆಯೋ ದೂರೋ ಮೈದುನರಿಗೆ ತಿಳಿಯಲಿಲ್ಲ. ಗಿರಿಜಮ್ಮನಿಗೆ ತಿಳಿಯಿತು. ಅವರು ಎದ್ದು ಒಳಗೆ ಹೋದರು.

ನಾನೂ ತಡೆಯಲು ನೋಡಿದೆ. ಅವರಿಗಾಗಿ ಅಲ್ಲ, ನನಗಾಗಿ. ಭಾನುವಾರಗಳಿಲ್ಲದೆ ಹೇಗಿರುವುದು ಎಂಬ ಭಯ. ಅದನ್ನು ಹೇಳಲು ನಾಚಿಕೆಯಾಗಿ, "ಇನ್ನು ಎರಡೇ ಪರೀಕ್ಷೆ ಅದಾವ್ರಿ ಅಕ್ಕಾರೆ. ನಾಕು ತಿಂಗಳು ತಡೀರಿ, ಪದವಿ ಕೈಯಾಗೆ ಹಿಡ್ಕಂಡು ಹೋಗೀರಂತೆ. ಕಾಗದ ಬೇಕು ಅಂದಿದ್ರಲ್ಲ?" ಎಂದೆ.

ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. "ಆ ಕಾಗದ ಬೇಕಾಗಿದ್ದು ಇಲ್ಲಿ ಇರಾಕವ್ವ. ಅಲ್ಲಿಗೆ ಹೋಗಾಕೆ ಬ್ಯಾಡ."

ಹೊರಡುವ ಹಿಂದಿನ ದಿನ ಹರಿಹರಕ್ಕೆ ಬಂದು ಎರಡು ಡಬ್ಬಿ ವಿಭೂತಿ ಕೊಂಡರು. ಮರುದಿನ ಬೆಳಗಿನ ರೈಲಿಗೆ ನಾನು ಹರಿಹರದಲ್ಲಿ ಹತ್ತಿ, ಪರೀಕ್ಷೆಯ ದಿನಗಳಂತೆ ಕಿಟಕಿ ಸೀಟು ಹಿಡಿದೆ. ದಾವಣಗೆರೆಯಲ್ಲಿ ಮೈದುನ ಪೆಟ್ಟಿಗೆ ಹತ್ತಿಸಿದರು. ಗಿರಿಜಮ್ಮ ಬುತ್ತಿ ಕೊಟ್ಟರು. ಬೆಂಗಳೂರಿನವರೆಗೂ ಅವರು ಕನ್ನಡ ಬಿಟ್ಟು ಬೇರೆ ಮಾತಾಡಲಿಲ್ಲ. ಚಿಕ್ಕಜಾಜೂರು, ಬೀರೂರು, ಅರಸೀಕೆರೆ, ಒಂದೊಂದೇ ಸ್ಟೇಷನ್ನಿನ ಹೆಸರು ಓದಿಕೊಂಡು ಬಂದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನ ಎರಡೂ ಕೆನ್ನೆ ಹಿಡಿದು ಒಂದು ಕೆನ್ನೆಗೆ ಮುತ್ತಿಟ್ಟರು. ಅಲ್ಲಿಯ ಪದ್ಧತಿ, ಒಂದೇ ಕೆನ್ನೆ. ಶೂ ಹಾಕಿದ ಕಾಲುಗಳು ಸಪ್ಪಳ ಮಾಡುತ್ತ ಒಳಗೆ ಹೋದವು.

ಆಮೇಲಿನ ಹತ್ತು ತಿಂಗಳು ಅವರು ನನಗೆ ಪತ್ರ ಬರೆದರು. ಧ್ವನಿ ಅಲ್ಲ, ಬರಹ. ಆ ಭಾಷೆಯಲ್ಲಿ, ಪುಟಗಟ್ಟಲೆ. ಕಲ್ಲಿನ ಮೇಲೆ ಗಂಡನ ಹೆಸರು ತಪ್ಪಾಗಿ ಕೆತ್ತಿದ್ದರಂತೆ. ಅಷ್ಟು ವರ್ಷ ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಅಕ್ಷರ ಅಕ್ಷರ ನೋಡಿ ಓದಲು ಕಲಿತ ಮೇಲೆ ಕಂಡಿತು. ಸರಿ ಮಾಡಿಸಿದೆ ಎಂದು ಬರೆದಿದ್ದರು. ಎಲ್ಬಾಳ ಮನೆಯ ಹಿಂದಿನ ರೂಮಿನಲ್ಲಿ ಇರುತ್ತಾರೆ. ಇಬ್ಬರೂ ಸೇರಿ ಕಾಗದದ ಹೂ ಕತ್ತರಿಸುತ್ತಾರೆ. ಒಂದು ಪತ್ರದಲ್ಲಿ, ಇಲ್ಲಿ ಬಂದ ಮೇಲೆ ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳಿದಂತಾಗುತ್ತದೆ, ಗಿರಿಜಾಳದು, ಎಂದಿತ್ತು. ಇನ್ನೊಂದರಲ್ಲಿ, ನಾನು ಎಲ್ಲೇ ಇದ್ದರೂ ಅರ್ಧ ಇರುತ್ತೇನೆ ಎಂದು ಕಾಣುತ್ತದೆ ಮಗಳೇ, ಆದರೆ ಈ ಅರ್ಧಕ್ಕೆ ಒಂದು ಕೆಲಸವಿದೆ, ಎಂದಿತ್ತು.

ನಾನು ಪದವಿ ಮುಗಿಸಿದೆ. ಸರ್ಟಿಫಿಕೇಟು ಅಂಚೆಯಲ್ಲಿ ಬಂತು. ಖಾಯಂ ಕೆಲಸವೇನೂ ಬರಲಿಲ್ಲ. ಹರಿಹರದಲ್ಲಿ ಆ ಭಾಷೆ ಆಡುವವಳು ನಾನೊಬ್ಬಳೇ ಇರಬೇಕು. ಭಾನುವಾರ ಮಧ್ಯಾಹ್ನ ಅಡುಗೆ ಮಾಡುತ್ತ ನಾನೇ ಪ್ರಶ್ನೆ ಕೇಳಿಕೊಂಡು ನಾನೇ ಉತ್ತರ ಹೇಳುತ್ತಿದ್ದೆ. ಪಕ್ಕದವರು ಫೋನಿನಲ್ಲಿದ್ದಾಳೆ ಎಂದುಕೊಂಡಿದ್ದರು.

ಮೊನ್ನೆ ಫಾಲ್ಗುಣದಲ್ಲಿ, ಕಾಲೇಜಿಗೆ ಹೊರಟಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಸಂದೇಶ ಬಂತು. ಎಲ್ಬಾಳ ಮಗಳು ಬರೆದಿದ್ದಳು. ಅಕ್ಕಾರು ನಿದ್ದೆಯಲ್ಲೇ ಹೋಗಿದ್ದರು. ಕಪಾಟಿನ ಬಾಗಿಲ ಒಳಗೆ ನನ್ನ ಹೆಸರು, ನಂಬರು ಬರೆದು, "ಇವಳಿಗೆ ತಿಳಿಸಿ, ಇವಳು ಮನೆಯವರಿಗೆ ತಿಳಿಸುತ್ತಾಳೆ" ಎಂದು ಚೀಟಿ ಅಂಟಿಸಿದ್ದರಂತೆ.

ಕಾಲೇಜಿಗೆ ಹೋಗಲಿಲ್ಲ. ದಾವಣಗೆರೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಸಂದೇಶವನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಯೋಚಿಸಿದೆ. ಕೊನೆಗೆ ಹೇಳಬೇಕಾಗಿ ಬರಲಿಲ್ಲ. ಬಾಗಿಲು ತೆರೆದ ಗಿರಿಜಮ್ಮ ನನ್ನ ಮುಖ ನೋಡಿ ಹೊಸ್ತಿಲಲ್ಲೇ ಕೂತುಬಿಟ್ಟರು.

ಮೈದುನರು ಅಂಗಡಿಯಿಂದ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಸುಟ್ರೋ, ಮಣ್ಣು ಮಾಡಿದ್ರೋ? ಲಿಂಗ ಏನಾತು? ಕೇಳವ್ವ," ಎಂದರು.

ಫೋನ್ ಹಚ್ಚಿದೆ. ಎಲ್ಬಾಳೇ ಮಾತಾಡಿದಳು. ನಾನು ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ಮಾಡಿ ಹೇಳಿದೆ. ಮಣ್ಣೇ ಮಾಡಿದ್ದರು. ಗಂಡನ ಪಕ್ಕದಲ್ಲಿ ಜಾಗ ಇರಲಿಲ್ಲ, ಎರಡು ಸಾಲು ಕೆಳಗೆ. ಎಲ್ಬಾಳನ್ನು ನಾಲ್ಕು ಜನ ಕುರ್ಚಿಯ ಮೇಲೆ ಕೂರಿಸಿ ಏರು ಹತ್ತಿಸಿದ್ದರು. ಅವತ್ತು ಅಕ್ಕಾರು ಗಂಡನಿಗೆ ಮಾಡಿದ್ದನ್ನು ಹೇಗೆ ನೋಡಿದ್ದಳೋ ಹಾಗೇ ಮಾಡಿದಳಂತೆ: ಹಣೆಗೆ ಮೂರು ಬೆರಳು ಬೂದಿ, ಎಡಗೈಯಲ್ಲಿ ಆ ಕಪ್ಪು ಕಲ್ಲು, ಬೆರಳು ಮಡಿಸಿ ಮುಚ್ಚಿದಳು. ನಿಮ್ಮ ಮಂತ್ರ ನನಗೆ ಬರುವುದಿಲ್ಲ, ನನಗೆ ಬರುವುದನ್ನೇ ಹೇಳಿದೆ, ತಪ್ಪಾಯಿತೇ ಎಂದು ಕೇಳು ಅವರನ್ನು, ಎಂದಳು.

ಕೇಳಿದೆ. ಮೈದುನರು ಟವೆಲಿನಿಂದ ಕಣ್ಣೊತ್ತಿಕೊಂಡರು. "ತಪ್ಪಿಲ್ಲ ಅನ್ನು. ಎಲ್ಲಾ ಸರಿ ಆತು ಅನ್ನು."

ಫೋನ್ ಇಟ್ಟ ಮೇಲೆ ಅವರು ಕೇಳತೊಡಗಿದರು, ಇಬ್ಬರೂ. ಆ ಊರಲ್ಲಿ ಮನೆ ಹೇಗಿತ್ತು, ಅಣ್ಣ ಗೋಡೌನಿಗೆ ನಡೆದು ಹೋಗುತ್ತಿದ್ದನೋ ಬಸ್ಸಿನಲ್ಲೋ, ಜೋಳ ಸಿಗುತ್ತಿತ್ತೇ, ಭೂಮಿ ಅಲ್ಲಾಡಿದರೆ ಎಲ್ಲಿ ಓಡುತ್ತಿದ್ದರು. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಮಧ್ಯಾಹ್ನ ಸಂಜೆಯಾಯಿತು. ಒಲೆ ಹಚ್ಚಿರಲಿಲ್ಲ.

ನಾನು ಏಳುವಾಗ ಗಿರಿಜಮ್ಮ ಕೈ ಹಿಡಿದು ಕೂರಿಸಿದರು. "ಆ ಅಮ್ಮಗೆ ನಂದೊಂದು ಕಾಗದ ಬರದು ಕೊಡು. ನಾನು ಹೇಳ್ತೀನಿ, ನೀನು ಬರಿ."

ನಾನು ಬ್ಯಾಗಿನಿಂದ ಹಾಳೆ ತೆಗೆದೆ.

"ಅಕ್ಕನ ಕೈಯಾಗೆ ಲಿಂಗ ಇಟ್ಟಿದ್ದಕ್ಕೆ ನಿಮಗೆ ಪುಣ್ಯ ಬರ್ಲಿ ಅಂತ ಬರಿ. ಒಂದೇ ಮನ್ಯಾಗಿದ್ರೂ ನಾನು ಆಕೀನ ಏನೂ ಕೇಳ್ಲಿಲ್ಲ. ಕೇಳಿದ್ರೆ ಅತ್ತಾಳೇನೋ ಅಂತ ಹೆದ್ರಿಕಿ. ಅದಕ್ಕೇ ಕೇಳ್ಲಿಲ್ಲ. ಅದನ್ನೂ ಬರಿ."

ಬರೆದೆ.

"ನಾನು ಯಾರು ಅಂತ ಗೊತ್ತಾಗಬೇಕಲ್ಲ. ವಾರಗಿತ್ತಿ ಅಂತ ಹಾಕು. ಆ ಭಾಷ್ಯಾಗೆ ಅದಕ್ಕೊಂದು ಮಾತು ಐತೇನು? ಇಂಗ್ಲಿಷ್‌ನಾಗೆ ಸರಿಯಾದ್ದು ಇಲ್ಲ ಅಂತಾಳೆ ನನ್ನ ಮಗಳು."

"ಇದ್ರಾಗೆ ಐತ್ರಿ."

"ಐತಾ? ಏನಂತಾರೆ?"

"ಕೊನ್ಕುನ್ಯಾದ."

ಗಿರಿಜಮ್ಮ ಅದನ್ನು ಬಾಯಲ್ಲಿ ತಿರುಗಿಸಿ ನೋಡಿದರು. ಮೊದಲ ಸಲ ಎಡವಿತು, ಎರಡನೆಯ ಸಲವೂ. ಮೂರನೆಯದಕ್ಕೆ ಸರಿಯಾಗಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ಹಾಕು ಅದನ್ನ. ದೊಡ್ಡದಾಗಿ ಹಾಕು," ಎಂದರು.